ಬೆನ್ನುನೋವಿಗೆ ಪಾಟಿಚೀಲವೊಂದೇ ಕಾರಣವೇ?

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ನಮ್ಮ ಮನೆಗಳಲ್ಲಿ ಮಗು ಬೆನ್ನುನೋವೆಂದೊಡನೆ ಪಾಲಕರಾದ ನಾವು ಮೊದಲು ದೂರುವುದು ಪಾಟಿಚೀಲವನ್ನು. ಆ ದೂರಿನಲ್ಲಿ ಹುರುಳಿದೆ. ಆದರೆ ಮಕ್ಕಳು ಆಟವಿಲ್ಲದೆ ಕುಳಿತೇ ಕಳೆಯುವ ಹೊತ್ತನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮೊದಲು ಚೀಲದ ಮಾತು. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾಚೀಲ ನೀತಿಯಂತೆ ಚೀಲದ ಭಾರ ಮಗುವಿನ ತೂಕದ ಶೇ. 10ನ್ನು ಮೀರಕೂಡದು. 30 ಕಿಲೋ ತೂಗುವ ಮಗುವಿಗೆ 3 ಕಿಲೋ ಮಿತಿ. 1 ಮತ್ತು 2ನೆಯ ತರಗತಿಗೆ 1.6ರಿಂದ 2.2 ಕಿಲೋ, 6 ಮತ್ತು 7ನೆಯ ತರಗತಿಗೆ 2ರಿಂದ 3 ಕಿಲೋ, 9 ಮತ್ತು 10ನೆಯ ತರಗತಿಗೆ 2.5ರಿಂದ 4.5 ಕಿಲೋ ಎಂದು ಆ ನೀತಿ ಗೊತ್ತುಪಡಿಸಿದೆ. ಚೀಲವನ್ನು ಎರಡೂ ಹೆಗಲಿಗೆ ಹಾಕಬೇಕು. ಭಾರದ ಪುಸ್ತಕಗಳು ಬೆನ್ನಿಗೆ ತಾಗಿರಬೇಕು.

ಆದರೂ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಸಂಶೋಧಕರಿಗೆ, ಚೀಲದ ಭಾರವೇ ಮಕ್ಕಳ ಬೆನ್ನುನೋವಿಗೆ ಮೂಲವೆನ್ನಲು ಬಲವಾದ ಪುರಾವೆ ದೊರೆಯಲಿಲ್ಲ. 2018ರಲ್ಲಿ ಪ್ರಕಟವಾದ ಈ ಪರಿಶೀಲನೆ ನಮ್ಮ ಗಮನವನ್ನು ಬೇರೆಡೆಗೂ ಹರಿಸುವಂತೆ ಮಾಡುತ್ತದೆ. ಬೆನ್ನೆಲುಬನ್ನು ನೆಟ್ಟಗೆ ಹಿಡಿಯುವವು ಬೆನ್ನು, ಹೊಟ್ಟೆ ಹಾಗೂ ಸೊಂಟದ ಸ್ನಾಯುಗಳು. ದುಡಿಸಿದಷ್ಟೂ ಅವು ಬಲಗೊಳ್ಳುತ್ತವೆ. ದುಡಿಸದಿದ್ದರೆ ಬೇಗನೆ ದಣಿಯುತ್ತವೆ. ತಾಸುಗಟ್ಟಲೆ ಬಾಗಿ ಕುಳಿತ ಮಗುವಿನ ಬೆನ್ನು ಸಂಜೆಗೆ ನೋಯುವುದು ಸಹಜ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ 3 ದಿನವಾದರೂ ಅದು ಎಲುಬು, ಸ್ನಾಯುಗಳನ್ನು ಬಲಪಡಿಸುವಂತಿರಬೇಕು. ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಇಷ್ಟು ಚಲನೆಯಿಲ್ಲದೆ ಬೆಳೆಯುತ್ತಿದ್ದಾರೆಂದು ಆ ಸಂಸ್ಥೆ 2019ರಲ್ಲಿ ತಿಳಿಸಿತು.

ಗಡಿನಾಡಿನ ಮಗುವಿಗೆ ಇದರ ಮೇಲೊಂದು ಹೊರೆಯುಂಟು. ಮನೆಯ ಮಾತು ಕನ್ನಡ. 2020ರ ಕಾಯಿದೆಯಂತೆ ರಾಜ್ಯದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಜೊತೆಗೆ ಹಿಂದಿ, ಇಂಗ್ಲಿಷ್. ಭಾಷೆಗಳೆಲ್ಲವೂ ಬೇಕು, ಮರಾಠಿಯಂತೂ ನಮ್ಮ ನೆರೆಹೊರೆಯ ಬಾಳಿನ ಭಾಷೆ. ಆದರೆ ಕಲಿಕೆಗೆ ಹೊತ್ತು ಸಾಲದಾದಾಗ ನಾವು ಮೊದಲು ಕಸಿದುಕೊಳ್ಳುವುದು ಆಟದ ತಾಸನ್ನೇ. ಸಂಜೆಯನ್ನು ಟ್ಯೂಶನ್ನಿಗೆ ಒಪ್ಪಿಸುತ್ತೇವೆ, ಉಳಿದದ್ದನ್ನು ಮೊಬೈಲು ನುಂಗುತ್ತದೆ.

ಇದಕ್ಕೆ ಮದ್ದು ದುಬಾರಿಯೇನಲ್ಲ. ಖೋ-ಖೋ ಆಟಕ್ಕೆ ಬಯಲು ಹಾಗೂ ಎರಡು ಕಂಬ ಸಾಕು. ಕುಕ್ಕರುಗಾಲಿನಲ್ಲಿ ಕೂರುವುದು, ಥಟ್ಟನೆ ಏಳುವುದು, ಬಾಗಿ ತಿರುಗಿ ಓಡುವುದು, ಇವೆಲ್ಲ ಸೊಂಟ ಮತ್ತು ತೊಡೆಗೆ ಒಳ್ಳೆಯ ಕಸರತ್ತು. ಉಮರ್ಗಾ ಸೇರಿದ ಧಾರಾಶಿವ (ಉಸ್ಮಾನಾಬಾದ) ಜಿಲ್ಲೆಯವರೇ ಆದ ಸಾರಿಕಾ ಕಾಳೆ ಅವರು ಇದೇ ಆಟದಿಂದ 2020ರ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಕಬಡ್ಡಿ, ಲಗೋರಿ, ಕುಂಟಾಬಿಲ್ಲೆಗಳೂ ಆದೀತು. ಹೆಣ್ಣುಮಕ್ಕಳು ದೊಡ್ಡವರಾದೊಡನೆ ಅವರನ್ನು ಅಂಗಳದಿಂದ ಒಳಗೆ ಕರೆಯುವ ರೂಢಿಯನ್ನು ನಾವು ಬಿಡಬೇಕು.

ಸಾಮಾನ್ಯ ಬೆನ್ನುನೋವಿಗೆ ಹಾಸಿಗೆ ಹಿಡಿಸುವುದು ಸಲ್ಲದು. ತುಸು ಓಡಾಡಿಸಿ, ಮೆಲ್ಲನೆ ಆಟಕ್ಕೆ ಮರಳಿಸಬೇಕು. ಆದರೆ ರಾತ್ರಿ ನಿದ್ದೆ ಕೆಡಿಸುವ ನೋವು, ಜ್ವರ, ತೂಕ ಇಳಿಯುವುದು, ಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಮೂತ್ರ ಹಿಡಿತ ತಪ್ಪುವುದು, ಬೆನ್ನು ಡೊಂಕಾಗುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವೂ ಹೀಗೆಯೇ ತೋರಿಕೊಳ್ಳುತ್ತದೆ.

ಮುಂದಿನ ಪಾಲಕರ ಸಭೆಯಲ್ಲಿ ಅಂಕಗಳನ್ನು ವಿಚಾರಿಸಿದ ಬಳಿಕ ಇನ್ನೊಂದು ಪ್ರಶ್ನೆ ಕೇಳೋಣ: ಈ ವಾರ ನಮ್ಮ ಮಕ್ಕಳು ಎಷ್ಟು ತಾಸು ಆಡಿದರು?