ತರಗತಿಯಲ್ಲಿ ಮೂರ್ಛೆ ಬಂದರೆ

ಬೇವೂರಿನಂತಹ ಊರಿನ ಶಾಲೆಯೊಂದನ್ನು ಕಣ್ಮುಂದೆ ತಂದುಕೊಳ್ಳಿ. ಪಾಠ ನಡೆಯುತ್ತಿರುವಾಗ ವಿದ್ಯಾರ್ಥಿನಿಯೊಬ್ಬಳು ಒಮ್ಮೆಲೇ ಕುಸಿದು ಬೀಳುತ್ತಾಳೆ. ಕೈಕಾಲು ಸೆಟೆದು ಅದುರುತ್ತವೆ, ಬಾಯಲ್ಲಿ ನೊರೆ ಬರುತ್ತದೆ. ಕಬ್ಬಿಣದ ಕೀಲಿಕೈ ಹಿಡಿಸಿರಿ ಎಂದು ಒಬ್ಬರು, ಈರುಳ್ಳಿ ಮೂಸಿಸಿರಿ ಎಂದು ಇನ್ನೊಬ್ಬರು. ಇವುಗಳಿಂದ ಏನೂ ಪ್ರಯೋಜನವಿಲ್ಲ. ಮೆದುಳಿನ ನರಕೋಶಗಳ ವಿದ್ಯುತ್ ಸಂಕೇತಗಳು ಸ್ವಲ್ಪ ಹೊತ್ತು ಅಂಕೆ ಮೀರುವುದೇ ಮೂರ್ಛೆ. ಅದು ಯಾರ ಕಾಟವೂ ಅಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ.

ಆಗ ಮಾಡಬೇಕಾದದ್ದು ಇಷ್ಟು: ಸುತ್ತಲಿನ ಬೆಂಚು, ಕಲ್ಲು ಸರಿಸಿ. ತಲೆಯ ಕೆಳಗೆ ಮೆತ್ತನೆಯದನ್ನು ಇಡಿ. ಕೊರಳ ಗುಂಡಿ, ಹಿಜಾಬಿನ ಪಿನ್ನು ಸಡಿಲಿಸಿ. ಒಂದು ಮಗ್ಗುಲಿಗೆ ಹೊರಳಿಸಿದರೆ ಜೊಲ್ಲು ಹೊರಗೆ ಹರಿದು ಉಸಿರಾಟ ಸುಲಭವಾಗುತ್ತದೆ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು, ಏನನ್ನೂ ಹಾಕಬೇಡಿ. ಗಡಿಯಾರ ನೋಡಿ: ಐದು ನಿಮಿಷ ಮೀರಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಪೆಟ್ಟಾಗಿದ್ದರೆ ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಕರೆ ಮಾಡಿ. ಪೂರ್ತಿ ಎಚ್ಚರವಾಗುವವರೆಗೆ ಜೊತೆಯಲ್ಲಿರಿ.

ಮೂರ್ಛೆರೋಗವಿದ್ದ ಮಹಿಳೆಯೊಬ್ಬರು ಪ್ರವಾದಿಯವರ(ಸ) ಬಳಿ ಬಂದ ಪ್ರಸಂಗ ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಬಿದ್ದಾಗ ತನ್ನ ಮೈಮೇಲಿನ ಬಟ್ಟೆ ಸರಿಯದಿರಲೆಂದು ಆಕೆ ಕೋರಿದರು; ಪ್ರವಾದಿಯವರು ಅದಕ್ಕಾಗಿ ಪ್ರಾರ್ಥಿಸಿದರು. ರೋಗಿಯ ಮಾನವೂ ಆರೈಕೆಯ ಭಾಗ. ಮೂರ್ಛೆಯಲ್ಲಿ ಮೂತ್ರ ಹೋಗುವುದುಂಟು. ಆದ್ದರಿಂದ ಮಗುವಿಗೆ ದುಪಟ್ಟಾ ಹೊದಿಸಿ, ಉಳಿದ ಮಕ್ಕಳನ್ನು ದೂರ ಕಳಿಸಬೇಕು. ಶಾಲೆಯಲ್ಲಿ ಒಂದು ಜೊತೆ ಬಟ್ಟೆ ಇಟ್ಟಿರಲಿ.

ಮಗಳ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆಯನ್ನು ಶಾಲೆಯಿಂದ ಮುಚ್ಚಿಡುವವರಿದ್ದಾರೆ. ತಿಳಿಯದ ಶಿಕ್ಷಕರು ಗಾಬರಿಯಲ್ಲಿ ತಪ್ಪು ಮಾಡಿದರೆ ನೋವು ಮಗುವಿಗೇ. ಔಷಧಿಯ ಹೆಸರು, ಪ್ರಮಾಣ, ವೈದ್ಯರ ಮತ್ತು ನಿಮ್ಮ ಫೋನ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮುಖ್ಯ ಶಿಕ್ಷಕರಿಗೆ ಕೊಡಿ. ಬೀಳದೆ, ಕೆಲವು ಕ್ಷಣ ಶೂನ್ಯ ದೃಷ್ಟಿಯಿಂದ ಕೂರುವ ಮೂರ್ಛೆಯೂ ಇದೆ ಎಂದು ತಿಳಿಸಿ. ಅದನ್ನು ಅಲಕ್ಷ್ಯವೆಂದು ಗದರುವುದು ತಪ್ಪು. ಆಟ, ಪಾಠ ಯಾವುದನ್ನೂ ಬಿಡಿಸಬೇಕಿಲ್ಲ. ಬಾವಿ, ಕೆರೆ, ಒಲೆಯ ಬಳಿ ಮಾತ್ರ ಒಂಟಿಯಾಗಿ ಬಿಡಬೇಡಿ.

ಸರಿಯಾದ ಚಿಕಿತ್ಸೆ ದೊರೆತರೆ ನೂರಕ್ಕೆ ಸುಮಾರು 70 ಮಂದಿ ಮೂರ್ಛೆಯಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯಲಬುರ್ಗಾದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯಬಿದ್ದರೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಗುಣವಾಯಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ಮೂರ್ಛೆ ಮರಳಿ ಬರುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಎರವಾಗುತ್ತದೆ. ನಿದ್ದೆಗೆಟ್ಟರೂ ಮೂರ್ಛೆ ಬರಬಹುದು. ರಮಝಾನಿನಲ್ಲಿ ಉಪವಾಸ ಹಿಡಿಯುವ ಮೊದಲು ವೈದ್ಯರನ್ನು ಕೇಳಿ. ರೋಗಿಗೆ ಧರ್ಮದಲ್ಲಿಯೇ ರಿಯಾಯಿತಿಯಿದೆ.

ನಾಳೆ ಶಾಲೆಗೆ ಹೋಗುವಾಗ ಆ ಚೀಟಿಯನ್ನು ಮರೆಯದಿರಿ.