ಬಿಂದಿಗೆಯ ಬಾಯಿಗೆ ಕಟ್ಟಿದ ಬಟ್ಟೆ

ಶ್ರವಣಬೆಳಗೊಳದ ಎರಡು ಬೆಟ್ಟಗಳ ನಡುವಿನ ಕಲ್ಯಾಣಿಯಿಂದ ಒಂದು ಬೊಗಸೆ ನೀರೆತ್ತಿ ನೋಡಿ. ಏನಾದರೂ ಕಂಡೀತೆ? ಇಲ್ಲ. ಆದರೂ ಚನ್ನರಾಯಪಟ್ಟಣ ತಾಲ್ಲೂಕಿನ ಈ ಊರು ಪಾಲಿಸಿಕೊಂಡು ಬಂದ ಜೈನಧರ್ಮ, ಸೂಕ್ಷ್ಮದರ್ಶಕ ಹುಟ್ಟುವುದಕ್ಕೆ ಶತಮಾನಗಳ ಮೊದಲೇ, ಆ ಬೊಗಸೆಯ ತುಂಬ ಜೀವಗಳಿವೆ ಎಂದಿತ್ತು! ಸೋಸದ ನೀರು ಬಾಯಿಗಿಲ್ಲ. ಬಟ್ಟೆ ದಟ್ಟವಾಗಿರಬೇಕು, ಎರಡು ಪದರ ಇರಬೇಕು. ಸೋಸಿದ ನೀರು 48 ನಿಮಿಷವಷ್ಟೇ ಸಲ್ಲುತ್ತದೆ, ಆಮೇಲೆ ಮತ್ತೆ ಸೋಸಬೇಕು. ನಾನು ಬೆರಗಾದದ್ದು ಇದರ ಮುಂದಿನ ಕಟ್ಟಳೆಗೆ: ಬಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲ, ಸೇದಿ ತಂದ ಬಾವಿಗೇ ಮೆಲ್ಲಗೆ ಬಿಟ್ಟುಬರಬೇಕು. ಕಣ್ಣಿಗೆ ಕಾಣದ ಜೀವಕ್ಕೆ ಇಷ್ಟು ಕರುಣೆ!

ಮಡಿ ಕೇಳಿದ್ದು ನೀರನ್ನು ಮುಟ್ಟಿದವರು ಯಾರು ಎಂದು. ಈ ಬಟ್ಟೆ ಕೇಳಿದ್ದು ನೀರೊಳಗೆ ಯಾರಿದ್ದಾರೆ ಎಂದು. ನನಗೆ ಇದೇ ದೊಡ್ಡ ಪ್ರಶ್ನೆ. 1674ರಲ್ಲಿ ಕೆರೆನೀರಿನ ಹನಿಯಲ್ಲಿ ಸೂಕ್ಷ್ಮಜೀವಿಗಳನ್ನು ಕಂಡ ಹಾಲೆಂಡಿನ ಲೇವನ್‌ಹುಕ್ ಕೂಡ, ನೋಡಿ, ಬಟ್ಟೆ ವ್ಯಾಪಾರಿ!

ಸೋಸದ ನೀರಿನ ಜೀವಗಳಲ್ಲಿ ಒಂದು ಸೈಕ್ಲಾಪ್ಸ್. ಸಾಸಿವೆಗಿಂತ ಚಿಕ್ಕದು. ನಾರುಹುಣ್ಣಿನ ಮರಿಹುಳು ಬೆಳೆಯುತ್ತಿದ್ದುದು ಇದರ ಒಡಲಲ್ಲೇ. ಹುಣ್ಣಾದ ಕಾಲು ಮೆಟ್ಟಿಲುಬಾವಿಗೆ ಇಳಿದರೆ ಹುಳು ಮರಿಗಳನ್ನು ನೀರಿಗೆ ಬಿಡುತ್ತಿತ್ತು, ಸೈಕ್ಲಾಪ್ಸ್ ನುಂಗುತ್ತಿತ್ತು. ಆ ನೀರು ಕುಡಿದವರ ಕಾಲಿನಿಂದ ವರ್ಷದ ಮೇಲೆ ಮೊಳಕ್ಕಿಂತ ಉದ್ದದ ಹುಳು ಹೊರಬರುತ್ತಿತ್ತು. ಇದಕ್ಕೆ ಲಸಿಕೆಯಿಲ್ಲ, ಮದ್ದಿಲ್ಲ. ಕರ್ನಾಟಕದ ಹಳ್ಳಿಗಳನ್ನೂ ಕಾಡಿದ ಈ ರೋಗವನ್ನು ಓಡಿಸಲು 1980ರ ದಶಕದಲ್ಲಿ ಸರ್ಕಾರ ಹೇಳಿಕೊಟ್ಟ ಉಪಾಯಗಳಲ್ಲಿ ಒಂದು ಏನು ಗೊತ್ತೇ? ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ! 1996ರಲ್ಲಿ ಭಾರತದ ಕೊನೆಯ ರೋಗಿ ಕಂಡದ್ದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತ ಎಂದು ಸಾರಿತು.

ಕಾಲರಾದ ಕತೆ ಇನ್ನೂ ಅಚ್ಚರಿಯದು. ಮಾರಿಯ ಮುನಿಸೆಂದು ಜನ ಊರನ್ನೇ ಬಿಡುತ್ತಿದ್ದ ಆ ಕಾಯಿಲೆಯ ರೋಗಾಣು ಬಟ್ಟೆಯ ಕಣ್ಣಲ್ಲಿ ಸಲೀಸಾಗಿ ನುಸುಳುವಷ್ಟು ಸಣ್ಣದು. ಆದರೆ ಅದು ಸೈಕ್ಲಾಪ್ಸ್‌ನ ಬಳಗದ ಜೀವಿಗಳಿಗೆ ಅಂಟಿಕೊಂಡು ಸಾಗುತ್ತದೆ! ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆ ಸೀರೆಯನ್ನು ಮಡಿಸಿ ನೀರು ಸೋಸಿಸಿದರು. ಕಾಲರಾ ಶೇಕಡಾ 48ರಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಹೊಸ ಬಟ್ಟೆಗಿಂತ ಒಗೆದು ಒಗೆದು ಸವೆದ ಬಟ್ಟೆಯೇ ಮೇಲು, ಎಳೆ ಬಿಚ್ಚಿ ಅದರ ಕಣ್ಣು ಕಿರಿದಾಗಿರುತ್ತದೆ. ಜೀವ ಉಳಿಸಲೆಂದು ಕಟ್ಟಿದ ಬಟ್ಟೆ ಕಟ್ಟಿದವರನ್ನೇ ಕಾಯುತ್ತಿತ್ತು!

ಹಾಸನ, ಹೊಳೆನರಸೀಪುರ, ಅರಕಲಗೂಡಿನ ಯಾವುದೇ ಮನೆಯಲ್ಲಿ ಅಜ್ಜಿ ನಲ್ಲಿಗೋ ಬಿಂದಿಗೆಗೋ ಬಟ್ಟೆ ಕಟ್ಟಿದ್ದರೆ ದಯವಿಟ್ಟು ಬಿಚ್ಚಿ ಎಸೆಯಬೇಡಿ. ಹತ್ತಿಯ ಹಳೆ ಸೀರೆಯನ್ನು ನಾಲ್ಕು ಪದರಕ್ಕೆ ಕಡಿಮೆಯಿಲ್ಲದಂತೆ ಮಡಿಸಿ ಕಟ್ಟಿ, ಸೋಸಿದ ನೀರನ್ನು ಕುದಿಸಿ, ಬಟ್ಟೆಯನ್ನು ದಿನವೂ ಒಗೆದು ಬಿಸಿಲಿಗೆ ಹರವಿ.