ಸಹಾಯಧನದ ಅರ್ಜಿಗೆ ಮುನ್ನ ಲೆಕ್ಕದ ಪುಸ್ತಕ

ಬೆಂಗಳೂರು ಪೂರ್ವ ತಾಲ್ಲೂಕಿನ ರೈತನಿಗೆ ಮಾರುಕಟ್ಟೆ ದೂರವಿಲ್ಲ. ಬಿದರಹಳ್ಳಿ, ವರ್ತೂರು ಹೋಬಳಿಗಳ ಹಳ್ಳಿಗಳಿಗೆ ಕೃಷ್ಣರಾಜಪುರದ ಸಂತೆ, ಹಲಸೂರಿನ ಅಂಗಡಿ ಬೀದಿ, ಶಿವಾಜಿನಗರದ ರಸೆಲ್ ಮಾರುಕಟ್ಟೆ ಎಲ್ಲವೂ ಸಮೀಪ. ಆದರೆ ಊರು ಬೆಳೆದಂತೆ ಜಮೀನು ಕುಗ್ಗಿದೆ. ಒಂದೆರಡು ಎಕರೆ ಮಾತ್ರ ಉಳಿದಿರುವ ಕುಟುಂಬವು ರಾಗಿಯನ್ನು ಕಾಳಾಗಿಯೇ ಮಾರಿದರೆ ಬರುವ ಹಣ ಮನೆ ಖರ್ಚಿಗೆ ಸಾಲದು. ಅದನ್ನೇ ಹುರಿಹಿಟ್ಟು, ಬಿಸ್ಕತ್ತು ಮಾಡಿ ಮಾರಿದರೆ ನಾಲ್ಕು ಕಾಸು ಹೆಚ್ಚು ದೊರೆಯುವುದು. ಆದುದರಿಂದಲೇ ಅನೇಕ ರೈತರು ಸಣ್ಣ ಘಟಕ ಹೂಡಲು ಸರ್ಕಾರದ ಸಹಾಯಧನ ದೊರೆಯುವುದೇ ಎಂದು ಕೇಳುತ್ತಾರೆ.

ದೊರೆಯುತ್ತದೆ. ಆದರೆ ಅದು ಹೇಗೆ ದೊರೆಯುತ್ತದೆ ಎಂಬುದನ್ನು ತಿಳಿಯದೆ ಒಡವೆ ಗಿರವಿ ಇಟ್ಟು ಯಂತ್ರ ಕೊಂಡವರು ಕಷ್ಟಕ್ಕೆ ಸಿಲುಕುತ್ತಾರೆ.

ಯಾವ ಯೋಜನೆ?

ಆಹಾರ ಪದಾರ್ಥ ತಯಾರಿಸುವ ಕಿರು ಘಟಕಗಳಿಗಾಗಿ ಕೇಂದ್ರ ಸರ್ಕಾರವು 2020ರಲ್ಲಿ ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯನ್ನು ಆರಂಭಿಸಿತು. ಘಟಕದ ಅರ್ಹ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇದರ ಮೂಲ ನಿಯಮ. ಕರ್ನಾಟಕ ಸರ್ಕಾರವು ತನ್ನ ಪಾಲಿನಿಂದ ಇನ್ನೂ ಶೇ. 15 ಸೇರಿಸಿ, ಒಟ್ಟು ಶೇ. 50, ಗರಿಷ್ಠ 15 ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ರಾಜ್ಯದಲ್ಲಿ ಇದನ್ನು ನಡೆಸುವ ಹೊಣೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮದ್ದು. ಜನ ಇದನ್ನು ಕೆಪೆಕ್ ಎನ್ನುತ್ತಾರೆ. ಜಿಲ್ಲೆಗೊಂದು ಉತ್ಪನ್ನವೆಂದು ಆರಿಸಿದಾಗ ಬೆಂಗಳೂರು ನಗರ ಜಿಲ್ಲೆಗೆ ಬಂದದ್ದು ಬೇಕರಿ ತಿನಿಸು.

ಇನ್ನೊಂದು, 2008ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ಇದು ಮುಖ್ಯವಾಗಿ ಹೊಸ ಘಟಕಗಳಿಗೆ. ಇಲ್ಲಿ ಘಟಕ ಇರುವ ಜಾಗ ಮುಖ್ಯ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮಾಂತರದಲ್ಲಿ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮೊದಲಾದವರಿಗೆ ಕ್ರಮವಾಗಿ ಶೇ. 25 ಮತ್ತು ಶೇ. 35. ಕೃಷ್ಣರಾಜಪುರ 2007ರಲ್ಲಿಯೇ ಮಹಾನಗರ ಪಾಲಿಕೆಗೆ ಸೇರಿದ್ದರಿಂದ ಅಲ್ಲಿ ನಗರದ ದರವೇ ಅನ್ವಯ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹಳ್ಳಿಯಲ್ಲಿ ಘಟಕ ಹೂಡಿದರೆ ಗ್ರಾಮಾಂತರದ ದರ ದೊರೆಯುವುದು. ಬಾಡಿಗೆಗೆ ಮಳಿಗೆ ಹಿಡಿಯುವ ಮುನ್ನ ಈ ವಿಷಯವನ್ನು ವಿಚಾರಿಸಿಕೊಳ್ಳಬೇಕು.

ಇಂತಹ ಯೋಜನೆಗಳಿಗೆ ಅವಧಿ ಇರುತ್ತದೆ, ನಿಯಮವೂ ಆಗಾಗ್ಗೆ ತಿದ್ದುಪಡಿಯಾಗುತ್ತದೆ. ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ, ಈಗಿನ ದರವೇನು ಎಂಬುದನ್ನು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಅಥವಾ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮೊದಲು ಕೇಳಿ ತಿಳಿಯಿರಿ.

ಸಹಾಯಧನ ಕೈಗೆ ಬರುವ ಹಣವಲ್ಲ

ರೈತರು ಮುಖ್ಯವಾಗಿ ಗಮನಿಸಬೇಕಾದ ಅಂಶವಿದು. ಈ ಎರಡೂ ಯೋಜನೆಗಳ ಸಹಾಯಧನವು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡಿದೆ. ಸಾಲ ಮಂಜೂರಾಗದೆ ಸಹಾಯಧನವಿಲ್ಲ. ಮಂಜೂರಾದ ಮೇಲೂ ಆ ಹಣವನ್ನು ಸಾಲ ಕೊಟ್ಟ ಬ್ಯಾಂಕಿನಲ್ಲಿಯೇ ಬೇರೆಯಾಗಿ ಇಡಲಾಗುವುದು. ಮೂರು ವರ್ಷ ಘಟಕ ನಡೆದು, ಕಂತು ಸರಿಯಾಗಿ ಕಟ್ಟಿದ್ದರೆ ಮಾತ್ರ ಅದನ್ನು ಸಾಲಕ್ಕೆ ವಜಾ ಮಾಡಲಾಗುವುದು. ನಡುವೆ ಘಟಕ ನಿಂತರೆ ಅಥವಾ ಕಂತು ತಪ್ಪಿ ಸಾಲ ಸುಸ್ತಿಯಾದರೆ ಸಹಾಯಧನ ಕೈತಪ್ಪಿ, ಪೂರ್ತಿ ಸಾಲ ರೈತನ ತಲೆಯ ಮೇಲೆ ಉಳಿಯುವುದು.

ಆದುದರಿಂದ ಸಹಾಯಧನವಿಲ್ಲದೆಯೇ ಮೂರು ವರ್ಷ ನಡೆಯಬಲ್ಲ ಕಸುಬಿಗೆ ಮಾತ್ರ ಅರ್ಜಿ ಹಾಕಬೇಕು.

ಒಂದು ಉದಾಹರಣೆ

ಬಿದರಹಳ್ಳಿ ಹೋಬಳಿಯ ಒಂದು ಕುಟುಂಬ ರಾಗಿ ಬಿಸ್ಕತ್ತಿನ ಘಟಕ ಹೂಡುವುದೆಂದು ಇಟ್ಟುಕೊಳ್ಳೋಣ. ಹಿಟ್ಟು ಕಲಸುವ ಯಂತ್ರ, ಒಲೆ, ತಟ್ಟೆಗಳು, ಪೊಟ್ಟಣ ಕಟ್ಟುವ ಯಂತ್ರ ಸೇರಿ 6,00,000 ರೂ. ಇದರ ಹಂಚಿಕೆ ಹೀಗಾಗುವುದು:

ಕೈಯಿಂದ ಹಾಕುವುದು (ಶೇ. 10) – 60,000 ರೂ.
ಬ್ಯಾಂಕ್ ಸಾಲ – 5,40,000 ರೂ.
ಬ್ಯಾಂಕಿನಲ್ಲಿ ಇಡುವ ಸಹಾಯಧನ (ಶೇ. 50ರಂತೆ) – 3,00,000 ರೂ.

ಸಾಲಕ್ಕೆ ಶೇ. 11 ಬಡ್ಡಿ, ಏಳು ವರ್ಷ ಅವಧಿ ಎಂದು ಹಿಡಿದರೆ ತಿಂಗಳ ಕಂತು ಸುಮಾರು 9,250 ರೂ. ಕಚ್ಚಾ ಸಾಮಗ್ರಿ, ಕೂಲಿ, ವಿದ್ಯುತ್, ಪೊಟ್ಟಣ, ಸಾಗಣೆ ಎಲ್ಲ ಕಳೆದು ಕಿಲೋ ಬಿಸ್ಕತ್ತಿಗೆ 40 ರೂ. ಉಳಿಯುವುದಾದರೆ, ಕಂತು ಕಟ್ಟುವುದಕ್ಕೇ ತಿಂಗಳಿಗೆ ಸುಮಾರು 230 ಕಿಲೋ ಮಾರಬೇಕು. ಮನೆಗೂ 15,000 ರೂ. ಉಳಿಯಬೇಕಾದರೆ ಸುಮಾರು 605 ಕಿಲೋ. ಅಂದರೆ ತಿಂಗಳಿಗೆ 26 ಕೆಲಸದ ದಿನಗಳಲ್ಲಿ ದಿನಕ್ಕೆ 23 ಕಿಲೋ. ಹಲಸೂರು, ಇಂದಿರಾನಗರ, ಶಿವಾಜಿನಗರಗಳಲ್ಲಿ ಇಷ್ಟನ್ನು ಕೊಳ್ಳುವ ಅಂಗಡಿಗಳು ಯಾವುವು? ಹೆಸರು ಹಿಡಿದು ಬರೆಯಲು ಬಂದರೆ ಅರ್ಜಿ ಹಾಕಿ. ಬಾರದಿದ್ದರೆ ಮೊದಲು ಮನೆಯ ಒಲೆಯಲ್ಲಿಯೇ ಹತ್ತು ಕಿಲೋ ಮಾಡಿ ಅಂಗಡಿಗಳಿಗೆ ರುಚಿ ತೋರಿಸಿ ಬನ್ನಿ.

ಮೂರು ವರ್ಷ ತಪ್ಪದೆ ಕಟ್ಟಿದವರಿಗೆ ಆಗ ಉಳಿಯುವ ಬಾಕಿ ಈ ಸರಳ ಲೆಕ್ಕದಲ್ಲಿ ಸುಮಾರು 3,57,000 ರೂ. ಅದಕ್ಕೆ 3,00,000 ರೂ. ವಜಾ ಆದರೆ ಉಳಿಯುವುದು 57,000 ರೂ. ಮಾತ್ರ. ತಾಳ್ಮೆಯಿಂದ ದುಡಿದವರಿಗೆ ಸಹಾಯಧನ ನಿಜವಾಗಿಯೂ ದೊಡ್ಡ ಸಹಾಯವೇ.

ಇನ್ನೊಂದು ಮಾತು. ಅಂಗಡಿಯವರು ಹಣ ಕೊಡಲು ಹದಿನೈದು ದಿನ ವಾಯಿದೆ ಕೇಳುವುದುಂಟು. ಅಲ್ಲಿಯವರೆಗೆ ಹಿಟ್ಟು, ಸಕ್ಕರೆ, ಬೆಣ್ಣೆ ಕೊಳ್ಳಲು ಕೈಯಲ್ಲಿ ಬಂಡವಾಳ ಬೇಕು. ಕಿರು ಆಹಾರ ಘಟಕಗಳ ಯೋಜನೆಯಲ್ಲಿ ಈ ಓಡಾಡುವ ಬಂಡವಾಳಕ್ಕೂ ಜಮೀನಿನ ಬೆಲೆಗೂ ಸಹಾಯಧನ ದೊರೆಯುವುದಿಲ್ಲ.

ಅರ್ಜಿಯ ಕ್ರಮ

1. ಮೊದಲು ಕಸುಬು ಕಲಿಯಿರಿ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಘಟಕವಿದೆ. ತರಬೇತಿಯ ಪ್ರಮಾಣಪತ್ರ ಬ್ಯಾಂಕಿನಲ್ಲಿಯೂ ಉಪಯೋಗಕ್ಕೆ ಬರುವುದು.

2. ಆಧಾರ್, ಪಾನ್ ಕಾರ್ಡ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಜಾಗದ ಪತ್ರ ಅಥವಾ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ಒಂದೆಡೆ ಇಡಿ. ಇವುಗಳಲ್ಲಿ ಹೆಸರು ಒಂದೇ ರೀತಿ ಇರಬೇಕು.

3. ಉದ್ಯಮ್ ನೋಂದಣಿ ಮಾಡಿಸಿ. ಇದಕ್ಕೆ ಶುಲ್ಕವಿಲ್ಲ. ತಿನ್ನುವ ಪದಾರ್ಥವಾದುದರಿಂದ ಆಹಾರ ಸುರಕ್ಷತಾ ನೋಂದಣಿಯೂ ಅಗತ್ಯ.

4. ಯಂತ್ರಗಳಿಗೆ ಒಂದೇ ಅಂಗಡಿಯ ದರಪಟ್ಟಿ ಸಾಲದು. ಎರಡು ಮೂರು ಕಡೆ ವಿಚಾರಿಸಿ. ಸಹಾಯಧನ ಹೆಚ್ಚು ಬರಲೆಂದು ದರ ಏರಿಸಿ ಬರೆಸಬೇಡಿ. ಏರಿಸಿದಷ್ಟೂ ಸಾಲ ಏರುವುದು.

5. ಯೋಜನಾ ವರದಿಯಲ್ಲಿ ಮೇಲಿನ ಲೆಕ್ಕವನ್ನೇ ಬರೆಯಿರಿ. ಕಿರು ಆಹಾರ ಘಟಕಗಳ ಯೋಜನೆಯಲ್ಲಿ ಇದಕ್ಕೆ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಲಾಯಿತು. ಅವರ ಸಂಭಾವನೆಯನ್ನು ಯೋಜನೆಯಿಂದಲೇ ಕೊಡಲಾಗುವುದರಿಂದ ನೀವು ಹಣ ಕೊಡಬೇಕಾಗಿಲ್ಲ. "ಮಂಜೂರು ಮಾಡಿಸಿಕೊಡುತ್ತೇನೆ" ಎಂದು ಮುಂಗಡ ಕೇಳುವವರನ್ನು ದೂರವಿಡಿ.

6. ಸಾಲ ಮಂಜೂರಾದ ಪತ್ರ ಕೈಸೇರುವ ಮುನ್ನ ಯಂತ್ರಕ್ಕೆ ಮುಂಗಡ ಕೊಡಬೇಡಿ. ಹಳೆಯ ಬೆಳೆಸಾಲ ಸುಸ್ತಿಯಾಗಿದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಿ. ಬ್ಯಾಂಕಿನವರು ಮೊದಲು ನೋಡುವುದೇ ಅದನ್ನು.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕಾಗದದ ಕೊರತೆಯಾದರೆ ಪೂರೈಸಿ ಮತ್ತೆ ಸಲ್ಲಿಸಬಹುದು. ಲೆಕ್ಕ ಕೂಡುವುದಿಲ್ಲ ಎಂದು ಹೇಳಿದ್ದರೆ ಕೋಪಿಸಿಕೊಳ್ಳದೆ ಇನ್ನೊಮ್ಮೆ ಕೂಡಿ ಕಳೆದು ನೋಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಸಾಲಕ್ಕೂ ಸಲ್ಲುತ್ತದೆ. ಬಿತ್ತುವ ಮೊದಲು ಬೀಜ ಮೊಳೆಯುವುದೇ ಎಂದು ಪರೀಕ್ಷಿಸುವ ರೈತ, ಅರ್ಜಿಗೆ ಸಹಿ ಹಾಕುವ ಮೊದಲು ಮನೆಯವರೊಂದಿಗೆ ಕುಳಿತು ಒಂದು ಸಂಜೆ ಈ ಲೆಕ್ಕವನ್ನೂ ಪರೀಕ್ಷಿಸಲಿ.